ಶೆಟ್ಟಿಹಳ್ಳಿಯ ಚರ್ಚಿನ ಸುತ್ತ ಕಯಾಕ್: ಸುರಕ್ಷತೆಯ ಕ್ರಮಗಳು

ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಅರ್ಧ ಮುಳುಗಿ ನಿಲ್ಲುತ್ತವೆ. ಹುಟ್ಟು ಹಾಕಿ ನಡೆಸುವ ಕಿರುದೋಣಿಯಾದ ಕಯಾಕ್‌ನಲ್ಲಿ ಅಲ್ಲಿಗೆ ಹೋಗುವವರು ಅದನ್ನು ನೀರು ನುಗ್ಗಿದ ಗುಹೆಯಷ್ಟೇ ಅಪಾಯಕಾರಿ ಎಂದು ಭಾವಿಸಬೇಕು.

ಮೊದಲು ಸಂಬಂಧಪಟ್ಟವರ ಅನುಮತಿ ಪಡೆದು, ನೀರಿನ ಮಟ್ಟವನ್ನು ಊರಿನ ಮೀನುಗಾರರಿಂದ ಕೇಳಿ ತಿಳಿದುಕೊಂಡು, ಹಿಂತಿರುಗುವ ಸಮಯವನ್ನು ದಡದಲ್ಲಿ ಉಳಿಯುವವರಿಗೆ ಹೇಳಿಯೇ ಹೊರಡಿ. ಹೆಲ್ಮೆಟ್ ಇರಲಿ. ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಬಿಗಿದ ಮೇಲೆ ಜೊತೆಗಾರರು ಅದನ್ನು ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಲಿ. ಅದು ಗಲ್ಲದವರೆಗೆ ಸರಿದು ಬಂದರೆ ಅಳತೆ ಸರಿಯಿಲ್ಲ.

ಕಮಾನುಗಳ ಒಳಕ್ಕೆ ಮಾತ್ರ ಖಂಡಿತ ಹೋಗಬೇಡಿ. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುವ ಗಾರೆ ವರ್ಷದಿಂದ ವರ್ಷಕ್ಕೆ ಸಡಿಲಗೊಳ್ಳುತ್ತದೆ, ಗೋಡೆಯ ಕೆಲವು ಭಾಗಗಳು ಈಗಾಗಲೇ ಕುಸಿದಿವೆ, ಬಿದ್ದ ಕಲ್ಲುಗಳು ಕಲಕಿದ ನೀರಿನಡಿ ಕಾಣುವುದೂ ಇಲ್ಲ. ಆದ್ದರಿಂದ ಗೋಡೆಯ ಎತ್ತರಕ್ಕಿಂತ ಹೆಚ್ಚಿನ ಅಂತರವನ್ನು ಕಾಯ್ದುಕೊಂಡೇ ಸುತ್ತು ಹಾಕಬೇಕು. ಹುಟ್ಟಿನಿಂದ ಗೋಡೆಯನ್ನು ತಳ್ಳಿ ಕಯಾಕ್ ತಿರುಗಿಸುವುದು ನಮಗೂ ಕೇಡು, ಇನ್ನೂ ಬಹುಕಾಲ ಉಳಿಯಬೇಕಾದ ಆ ಕಟ್ಟಡಕ್ಕೂ ಕೇಡು.

ಬೆಳಗ್ಗೆ ಗಾಳಿ ಏಳುವ ಮುನ್ನವೇ ಹೊರಡುವುದು ಒಳ್ಳೆಯದು. ಕಯಾಕ್ ಮಗುಚಿದರೆ ಅದನ್ನು ಬಿಟ್ಟು ಈಜಲು ಹೋಗದೆ, ಒಂದು ಕೈಯಲ್ಲಿ ಅದನ್ನೇ ಹಿಡಿದುಕೊಂಡು ಮೂರು ಬಾರಿ ಸೀಟಿ ಊದಿ. ಗುಡುಗು ಕೇಳಿದೊಡನೆ, ಎಷ್ಟೇ ದೂರ ಬಂದಿದ್ದರೂ, ಹತ್ತಿರದ ದಡ ಸೇರಿ.