ಲಿನಕ್ಸ್‌ನಲ್ಲಿ ಮಿಡಿ ಕೀಬೋರ್ಡ್ ಜೋಡಿಸಿದ ನನ್ನ ಅನುಭವ

ನಮ್ಮ ದಾವಣಗೆರೆಯ ಆರ್ಕೆಸ್ಟ್ರಾ ಗೆಳೆಯರು ವಿಂಡೋಸ್ ಬದಲು ಲಿನಕ್ಸ್ ಹಾಕಿರುವ ನನ್ನ ಲ್ಯಾಪ್‌ಟಾಪ್ ನೋಡಿದ ಕೂಡಲೇ ಕೇಳುವುದು ಒಂದೇ, 'ಲಿನಕ್ಸಾ? ಕೀಬೋರ್ಡಿಗೆ ಡ್ರೈವರ್ ಎಲ್ಲಿ ಸಿಗ್ತು?' ಡ್ರೈವರ್, ಅಂದ್ರೆ ಸಾಧನ ಓಡಿಸುವ ಬೇರೆ ಸಾಫ್ಟ್‌ವೇರ್, ಬೇಕಾಗೇ ಇಲ್ಲ. ಈಗಿನ ಯುಎಸ್‌ಬಿ ಮಿಡಿ ಕೀಬೋರ್ಡುಗಳನ್ನು ಬಹುತೇಕ ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಗುರುತು ಹಿಡಿಯುತ್ತದೆ. ಆದರೂ ಸದ್ದು ಬರುವುದಿಲ್ಲ. ಯಾಕಂದ್ರೆ ಮಿಡಿಯಲ್ಲಿ ಬರುವುದು ಸದ್ದೇ ಅಲ್ಲ, ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು ಅನ್ನುವ ಅಂಕಿಗಳು ಮಾತ್ರ. ಅವು ಯಾವ ಸಾಫ್ಟ್‌ವೇರಿಗೆ ಹೋಗಬೇಕು ಅಂತ ನಾವೇ ಹೇಳಬೇಕು. ಕೆಲಸ ಇರುವುದೆಲ್ಲ ಅಲ್ಲೇ.

ನನ್ನದು ಹಳೇ ಲ್ಯಾಪ್‌ಟಾಪ್, ಅದರಲ್ಲಿರುವುದು ಉಬುಂಟು ಅನ್ನುವ ಲಿನಕ್ಸ್. ಮೊದಲು ಟರ್ಮಿನಲ್‌ನಲ್ಲಿ 'ಎ-ಕನೆಕ್ಟ್ ಮೈನಸ್ ಎಲ್' (aconnect -l) ಕೊಟ್ಟೆ, ಮಿಡಿ ಸಾಧನಗಳ ಪಟ್ಟಿ ನಂಬರಿನ ಸಮೇತ ಬಂತು. 14ರಲ್ಲಿ 'ಮಿಡಿ ಥ್ರೂ', 20ರಲ್ಲಿ ನನ್ನ ಕೀಬೋರ್ಡ್ ಕಾಣಿಸಿತು. ಆಮೇಲೆ 'ಎ-ಸೆಕ್-ಡಂಪ್ ಮೈನಸ್ ಪಿ 20' (aseqdump -p 20), ಕೀಬೋರ್ಡಿನಿಂದ ಏನು ಬರುತ್ತಿದೆ ಅಂತ ತೋರಿಸುವ ಆದೇಶ. ಕೀ ಒತ್ತಿದಂತೆಲ್ಲ 'ನೋಟ್ ಆನ್' ಅಂತ ಸಾಲು ಬೀಳುತ್ತಾ ಹೋಯಿತು. ಸದ್ದಿಲ್ಲ ಅಂತ ಸುಮ್ನೆ ವಾಲ್ಯೂಮ್ ತಿರುವುತ್ತಾ ಕೂರುವ ಬದಲು ಮೊದಲು ಇದನ್ನು ನೋಡಿ, ತೊಂದರೆ ಕೇಬಲ್ಲಿನದೋ ಮುಂದಿನದೋ ಗೊತ್ತಾಗುತ್ತದೆ.

ಸದ್ದಿಗೆ ಫ್ಲೂಯಿಡ್‌ಸಿಂಥ್ ಹಾಕಿಕೊಂಡೆ, ಮಿಡಿ ಅಂಕಿಗಳನ್ನು ಸದ್ದು ಮಾಡುವ ಸಿಂಥ್ ಸಾಫ್ಟ್‌ವೇರ್ ಅದು. ಅದಕ್ಕೆ ಕ್ಯೂಸಿಂಥ್ ಅನ್ನುವ ಕಿಟಕಿ ಇದೆ, ವಾದ್ಯಗಳ ಸದ್ದು ತುಂಬಿದ ಕಡತ, ಅಂದ್ರೆ ಸೌಂಡ್‌ಫಾಂಟ್, ಉಬುಂಟುವಿನಲ್ಲೇ ಸಿಗುತ್ತದೆ. ಸಿಂಥ್ 128ರಲ್ಲಿ ಬಂದು ಕೂತಿತು. 'ಎ-ಕನೆಕ್ಟ್ 20 128' ಅಂದೆ, ಪಿಯಾನೊ ನುಡಿಯಿತು. ಆದರೆ ಈ ನಂಬರುಗಳನ್ನು ನಂಬಬೇಡಿ, ಇನ್ನೊಂದು ಮಿಡಿ ಸಾಧನ ಮೊದಲು ಚುಚ್ಚಿದರೆ 20 ಹೋಗಿ 24 ಆಗಬಹುದು. ನಂಬರಿನ ಜಾಗದಲ್ಲಿ ಕೀಬೋರ್ಡಿನ ಹೆಸರನ್ನೇ ಕೊಡಬಹುದು, ನಾನು ಹಾಗೇ ಮಾಡುವುದು.

ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಮುಂದಿನ ಹಂತದಲ್ಲಿ. ಲಿನಕ್ಸ್‌ನಲ್ಲಿ ಮಿಡಿ ಎರಡು ಥರ: ಕರ್ನಲ್‌ನ ಸದ್ದಿನ ವ್ಯವಸ್ಥೆಯಾದ ಆಲ್ಸಾದ್ದು (ALSA) ಒಂದು, ಸಂಗೀತದ ಸಾಫ್ಟ್‌ವೇರುಗಳನ್ನು ಒಂದಕ್ಕೊಂದು ಜೋಡಿಸುವ ಜ್ಯಾಕ್‌ನದ್ದು (JACK) ಒಂದು. ನಮ್ಮೂರಲ್ಲಿ ಸರ್ಕಾರಿ ಬಸ್ಸಿಗೊಂದು, ಪ್ರೈವೇಟ್ ಬಸ್ಸಿಗೊಂದು ನಿಲ್ದಾಣ ಇದ್ದ ಹಾಗೆ, ಇಲ್ಲಿ ನಿಂತರೆ ಅಲ್ಲಿಯ ಬಸ್ಸು ಸಿಗುವುದಿಲ್ಲ. ಕೀಬೋರ್ಡ್ ಬರುವುದು ಆಲ್ಸಾದಲ್ಲಿ. ರೆಕಾರ್ಡಿಂಗಿಗೆ ಆರ್ಡರ್ (Ardour) ಅನ್ನುವ ಸಾಫ್ಟ್‌ವೇರ್ ತೆರೆದು ಜ್ಯಾಕ್ ಆರಿಸಿದರೆ ಅದು ನೋಡುವುದು ಜ್ಯಾಕ್ ಮಿಡಿಯನ್ನು ಮಾತ್ರ. ಹಿಂದೆ ಇದಕ್ಕೆ 'ಎ2ಜೆ-ಮಿಡಿ-ಡಿ' (a2jmidid) ಅನ್ನುವ ಸೇತುವೆಯನ್ನು 'ಮೈನಸ್ ಇ' ಸೇರಿಸಿ ಓಡಿಸುತ್ತಿದ್ದೆ. ಆ 'ಇ' ಬಿಟ್ಟರೆ ಹಾರ್ಡ್‌ವೇರ್ ಕೀಬೋರ್ಡೇ ಕಾಣುವುದಿಲ್ಲ. ಸದ್ದನ್ನೆಲ್ಲ ನೋಡಿಕೊಳ್ಳುವ ಪೈಪ್‌ವೈರ್ ಅನ್ನುವ ಹೊಸ ವ್ಯವಸ್ಥೆ ಬಂದ ಮೇಲೆ 'ಮಿಡಿ ಬ್ರಿಡ್ಜ್' ಅಂತ ಸೇತುವೆ ಅದರೊಳಗೇ ಇದೆ. ಜೋಡಣೆಗಳನ್ನು ಚಿತ್ರದಲ್ಲಿ ತೋರಿಸುವ ಕ್ಯೂಪಿಡಬ್ಲ್ಯೂಗ್ರಾಫ್ (qpwgraph) ತೆರೆದರೆ ಎರಡೂ ಥರದ ಪೋರ್ಟುಗಳು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ, ಒಂದೇ ಬಣ್ಣದ್ದನ್ನು ಮೌಸಿನಲ್ಲಿ ಎಳೆದು ಸೇರಿಸಿದರಾಯಿತು. ಬೇರೆ ಬಣ್ಣದ್ದು ಎಷ್ಟು ಎಳೆದರೂ ಸೇರುವುದಿಲ್ಲ. ಅದರಲ್ಲೇ ಪ್ಯಾಚ್‌ಬೇ, ಅಂದ್ರೆ ಜೋಡಣೆಗಳ ಪಟ್ಟಿ, ಉಳಿಸಿ ಆನ್ ಮಾಡಿಟ್ಟರೆ ಮುಂದಿನ ಸಲ ತಾನೇ ಜೋಡಿಸುತ್ತದೆ. ಕರೆಂಟ್ ಹೋಗಿ ಬಂದು ಎಲ್ಲ ಮತ್ತೆ ಶುರು ಮಾಡುವ ಮನೆಗಳಲ್ಲಿ ಇದು ದೊಡ್ಡ ಉಪಕಾರ, ಅಲ್ವಾ?

ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ಬಫರ್ ನೋಡಿ, ಅಂದ್ರೆ ಸದ್ದಿನ ಎಷ್ಟು ಸ್ಯಾಂಪಲ್‌ಗಳನ್ನು ಒಟ್ಟಿಗೆ ಕೂಡಿಸಿ ಕಳಿಸುತ್ತದೆ ಅನ್ನುವುದು. ಪೈಪ್‌ವೈರ್‌ನಲ್ಲಿ ಅದು ಮಾಮೂಲಾಗಿ 1024 ಇರುತ್ತದೆ, ಸೆಕೆಂಡಿಗೆ 48,000 ಸ್ಯಾಂಪಲ್ ದರಕ್ಕೆ 21 ಮಿಲಿಸೆಕೆಂಡ್ ಆಯಿತು. ನಾನು 256ಕ್ಕೆ ಇಳಿಸಿದೆ, ಐದು ಚಿಲ್ಲರೆಗೆ ಬಂತು. ಇನ್ನೂ ಇಳಿಸಿದರೆ ನನ್ನ ಹಳೇ ಪ್ರೊಸೆಸರ್ ಚಟಚಟ ಅನ್ನುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ತಡ ಆಗ್ತಿದೆ ಅಂತ ಬೈಯಬೇಡಿ, ವೈರ್ ಇರುವುದನ್ನೇ ಹಾಕಿ.

ಐದು ಪಿನ್ನಿನ ದುಂಡನೆ ಮಿಡಿ ಕಿಂಡಿಯ ಹಳೇ ಕೀಬೋರ್ಡ್ ಇದ್ದವರು ಮಿಡಿಯಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್ ತರಬೇಕು. ಅದರ 'ಇನ್' ತುದಿ ಸಾಮಾನ್ಯವಾಗಿ ಕೀಬೋರ್ಡಿನ 'ಔಟ್'ಗೆ ಹೋಗುತ್ತದೆ. ಕೆಲವು ಕೇಬಲ್‌ಗಳಲ್ಲಿ ಉಲ್ಟಾ ಬರೆದಿರುತ್ತಾರೆ, ಏನೂ ಬರದಿದ್ದರೆ ಅದಲು ಬದಲು ಮಾಡಿ ನೋಡಿ. ನಮ್ಮ ಹಾಡುಗಳಿಗೆ ಗಮಕ ಬೇಕಲ್ಲ, ಅದಕ್ಕೆ ಪಿಚ್ ಬೆಂಡ್ ಚಕ್ರ. ಫ್ಲೂಯಿಡ್‌ಸಿಂಥ್‌ನಲ್ಲಿ ಮೊದಲಿಗೆ ಅದು ಮೇಲೆ ಕೆಳಗೆ ಎರಡೆರಡು ಸ್ವರಸ್ಥಾನ ಮಾತ್ರ ಜಾರುತ್ತದೆ, ಜಾಸ್ತಿ ಬೇಕಾದರೆ ಕೀಬೋರ್ಡಿನ ಮೆನುವಿನಿಂದ ಬೆಂಡ್ ರೇಂಜ್ ಸಂದೇಶ ಕಳಿಸಬೇಕು. ನನಗೆ ಎರಡೇ ಸಾಕು.