ಪಿಸಿಓಎಸ್ ಇದ್ರೆ ಐರನ್ ಮಾತ್ರೆ ತಗೊಳೋ ಮುಂಚೆ ಇಷ್ಟು ಮಾಡಿ

ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಮ್ಮನ ಮಗಳಿಗೆ ಮೂರು ಮೂರು ತಿಂಗಳು ಮುಟ್ಟೇ ಆಗ್ತಿರಲಿಲ್ಲ, ಜೊತೆಗೆ ಸುಸ್ತು, ಮನೇಲಿ ಎಲ್ರೂ "ರಕ್ತ ಕಮ್ಮಿ ಆಗಿದೆ ಕಣೇ, ಐರನ್ ಮಾತ್ರೆ ತಗೋ" ಅಂದ್ರು, ಅವಳೂ ಟೆಸ್ಟ್ ಮಾಡಿಸ್ದೇ ಎರಡು ತಿಂಗಳು ನುಂಗಿದ್ಲು. ಆಮೇಲೆ ಗೊತ್ತಾಗಿದ್ದು ಪಿಸಿಓಎಸ್ ಅಂತ, ಅಂದ್ರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ಅಂಡಾಶಯದ ತೊಂದರೆ.

ಮೊದಲು ಮುಟ್ಟಿನ ದಿನಗಳನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ. 35 ದಿನಕ್ಕಿಂತ ಜಾಸ್ತಿ ಅಂತರ ಬರ್ತಾನೇ ಇದ್ರೆ ಡಾಕ್ಟರಿಗೆ ತೋರಿಸಿ.

ಆಮೇಲೆ ರಕ್ತದ ಟೆಸ್ಟ್. ಹಿಮೋಗ್ಲೋಬಿನ್ ಒಂದೇ ಸಾಲದು, ಫೆರಿಟಿನ್ ಕೂಡ ಬೇಕಾ ಅಂತ ಕೇಳಿ, ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಅದು. ರಿಪೋರ್ಟಲ್ಲಿ ಫೆರಿಟಿನ್ 15 ng/mLಗಿಂತ ಕೆಳಗಿದ್ರೆ ಕಬ್ಬಿಣ ಖಾಲಿ ಅಂತ, ಮುಟ್ಟಾಗೋ ಹೆಂಗಸರಲ್ಲಿ 150 ದಾಟಿದ್ರೆ ಜಾಸ್ತಿ ಇರಬಹುದು. ಜ್ವರ, ಇನ್‌ಫೆಕ್ಷನ್ ಇದ್ದಾಗ್ಲೂ ಇದು ಏರುತ್ತೆ, ಅದಕ್ಕೆ ಹುಷಾರಾದ ಮೇಲೆ ಮಾಡಿಸಿ.

ಕಬ್ಬಿಣ ಜಾಸ್ತಿ ಆದ್ರೆ ಏನಾಗುತ್ತೆ? ಹಪ್ಪಳ ಕರಿದ ಎಣ್ಣೆನ ಕಬ್ಬಿಣದ ಬಾಣಲೇಲೇ ನಾಲ್ಕು ದಿನ ಬಿಟ್ರೆ ಕಮಟು ವಾಸನೆ ಬರುತ್ತಲ್ಲ, ಹೆಚ್ಚುಕಮ್ಮಿ ಅದೇ ಜೀವಕೋಶದೊಳಗೂ ನಡೆಯುತ್ತೆ: ಕೋಶದ ಗೋಡೆ ಕೊಬ್ಬಿಂದು, ಬಿಡಿಯಾಗಿರೋ ಕಬ್ಬಿಣ ಆ ಕೊಬ್ಬನ್ನ ಕೆಡಿಸುತ್ತೆ, ತಡೆಯೋಕೆ ಗ್ಲುಟಾಥಯೋನ್, ಜಿಪಿಎಕ್ಸ್4 ಅಂತ ಕಾವಲಿದೆ, ಕಾವಲು ಸೋತ್ರೆ ಗೋಡೆ ಒಡೆದು ಕೋಶ ಸತ್ತೇ ಹೋಗುತ್ತೆ. 2012ರಲ್ಲಿ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯ ಬ್ರೆಂಟ್ ಸ್ಟಾಕ್‌ವೆಲ್ ತಂಡ ಇದಕ್ಕೆ ಫೆರೋಪ್ಟೋಸಿಸ್ ಅಂತ ಹೆಸರಿಟ್ಟಿತು. ಅಂಡಾಶಯದಲ್ಲಿ ಅಂಡಾಣುವಿನ ಸುತ್ತ ಕೂತು ಅದನ್ನ ಸಾಕೋ ಗ್ರ್ಯಾನುಲೋಸಾ ಕೋಶಗಳು ಹೀಗೆ ಸಾಯೋದೂ ಪಿಸಿಓಎಸ್‌ಗೆ ಒಂದು ಕಾರಣ ಇರಬಹುದು ಅಂತ ವಿಜ್ಞಾನಿಗಳು ಹುಡುಕ್ತಾ ಇದ್ದಾರೆ. ಇದರಲ್ಲಿ ಬಹುಪಾಲು ಇಲಿಗಳ ಮೇಲೆ, ಲ್ಯಾಬಲ್ಲಿ ಬೆಳೆಸಿದ ಕೋಶಗಳ ಮೇಲೆ ನೋಡಿದ್ದು, ಇದಕ್ಕೇ ಅಂತ ಔಷಧಿ ಇನ್ನೂ ಬಂದಿಲ್ಲ, ಯಾರಾದ್ರೂ ಮಾರೋಕೆ ಬಂದ್ರೆ ದಯವಿಟ್ಟು ದುಡ್ಡು ಕೊಡ್ಬೇಡಿ.

ಪಿಸಿಓಎಸ್‌ನಲ್ಲಿ ಮುಟ್ಟೇ ಅಪರೂಪ ಆದ್ರೆ ರಕ್ತದ ಜೊತೆ ಹೋಗಬೇಕಾದ ಕಬ್ಬಿಣ ಒಳಗೇ ಉಳಿಯುತ್ತೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ದೇ ಇರೋದೂ ಕಬ್ಬಿಣ ಏರೋಕೆ ಸೇರ್ಕೊಳ್ಳುತ್ತೆ. ಹಾಗಂತ ಹೆದರಿ ಬಸಳೆ, ಹರಿವೆ ಬಿಡಬೇಡಿ! ಎಷ್ಟೋ ಪಿಸಿಓಎಸ್ ಹುಡುಗೀರಿಗೆ, ಅದರಲ್ಲೂ ಮುಟ್ಟಾದಾಗ ವಿಪರೀತ ರಕ್ತ ಹೋಗೋರಿಗೆ, ನಿಜವಾಗ್ಲೂ ಕಬ್ಬಿಣ ಕಮ್ಮಿ ಇರುತ್ತೆ. ಅದಕ್ಕೇ ರಿಪೋರ್ಟ್ ಮುಖ್ಯ.

ಡಾಕ್ಟರ್ ಮಾತ್ರೆ ಬರೆದ್ರೆ, ಬಸುರಿ ಇದ್ದಾಗಂತೂ, ನೀವಾಗೇ ನಿಲ್ಲಿಸ್ಬೇಡಿ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ, ಕಾಫಿ ಮಾತ್ರ ಒಂದೆರಡು ಗಂಟೆ ಬಿಟ್ಟು ಕುಡೀರಿ, ನಮ್ಮ ಮಲ್ನಾಡಲ್ಲಿ ಅದೇ ಕಷ್ಟದ ಕೆಲಸ ಅಂತ ಗೊತ್ತು, ಆದ್ರೂ.