ಒಂದು ನಿಮಿಷದ ಟ್ರೇಲರ್ ಮತ್ತು ಒಂದು ರಾಶಿ ಚೀಟಿ

1926ರ ನವೆಂಬರಿನಲ್ಲಿ ತೆರೆಕಂಡ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಮೂಕಿಚಿತ್ರದಲ್ಲಿ ಈಗ ನೋಡಸಿಗುವುದು ಸುಮಾರು ಒಂದು ನಿಮಿಷದ ಟ್ರೇಲರ್ ಮಾತ್ರ. ಹರ್ಬರ್ಟ್ ಬ್ರೆನನ್ ನಿರ್ದೇಶನದ, ವಾರ್ನರ್ ಬ್ಯಾಕ್ಸ್‌ಟರ್ ಗ್ಯಾಟ್ಸ್‌ಬಿಯಾಗಿಯೂ ಲೋಯಿಸ್ ವಿಲ್ಸನ್ ಡೇಸಿಯಾಗಿಯೂ ನಟಿಸಿದ್ದ ಈ ಚಿತ್ರದ ದೃಶ್ಯಗಳನ್ನು ಕಾಗದದ ಮೇಲೆ ಮರಳಿ ಜೋಡಿಸಲು ಕುಳಿತಾಗ, ಫಿಟ್ಸ್‌ಜೆರಾಲ್ಡ್ ಅವರ ಕಾದಂಬರಿಯೇ ಕೈಯಲ್ಲಿರುವುದರಿಂದ ಕೆಲಸ ಸುಲಭವೆಂದು ಭಾವಿಸಿದ್ದೆ.

ದೃಶ್ಯಕ್ಕೊಂದು ಚೀಟಿ ಮಾಡಿದೆ. ಟ್ರೇಲರಿನಲ್ಲಿ ಕಂಡದ್ದನ್ನು ನೀಲಿ ಶಾಯಿಯಲ್ಲಿ, ಅಂದಿನ ವಿಮರ್ಶೆಗಳು ಹೇಳಿದ್ದನ್ನು ಪೆನ್ಸಿಲಿನಲ್ಲಿ, ಕಾದಂಬರಿಯಿಂದ ಊಹಿಸಿದ್ದನ್ನು ಕೆಂಪಿನಲ್ಲಿ ಬರೆದೆ. ವಾರ ಕಳೆಯುವುದರೊಳಗೆ ಮೇಜಿನ ತುಂಬ ಕೆಂಪೇ ಆಯಿತು. ಆಗ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶೆಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು: ಗ್ಯಾಟ್ಸ್‌ಬಿ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯಗಳನ್ನು ಈಜುಕೊಳಕ್ಕೆ ಎಸೆಯುತ್ತಾನೆ, ಹುಡುಗಿಯರು ಅವುಗಳಿಗಾಗಿ ನೀರಿಗೆ ಧುಮುಕುತ್ತಾರೆ. ಕಾದಂಬರಿಯನ್ನು ಮೊದಲಿನಿಂದ ತಿರುವಿ ಹಾಕಿದರೂ ಅಂಥ ಪ್ರಸಂಗ ಎಲ್ಲಿಯೂ ಇರಲಿಲ್ಲ. ಚಿತ್ರಕ್ಕೆ ಕಾದಂಬರಿಯಷ್ಟೇ ಅಲ್ಲ, ಓವನ್ ಡೇವಿಸ್ ಅದೇ ವರ್ಷ ರಂಗಕ್ಕೆ ತಂದಿದ್ದ ರೂಪಾಂತರವೂ ಆಧಾರವಾಗಿತ್ತೆಂಬುದನ್ನು ಓದಿಯೂ ಲಕ್ಷಿಸದೆ ಹೋದದ್ದು ನನ್ನದೇ ತಪ್ಪು. ಕೆಂಪು ಚೀಟಿಗಳನ್ನೆಲ್ಲ ಅಂದೇ ತೆಗೆದುಹಾಕಿದೆ. (ಫಿಟ್ಸ್‌ಜೆರಾಲ್ಡ್ ದಂಪತಿಗಳೇ ಈ ಚಿತ್ರದಿಂದ ಅರ್ಧಕ್ಕೆ ಎದ್ದುಹೋದರೆಂದು ಪತ್ನಿ ಝೆಲ್ಡಾ ಪತ್ರವೊಂದರಲ್ಲಿ ಬರೆದಿದ್ದಾರೆ, ಪುಸ್ತಕವನ್ನೇ ನಂಬಿ ಕುಳಿತಿದ್ದ ನನಗೆ ಅದು ಮೊದಲೇ ಹೊಳೆಯಬೇಕಿತ್ತು.)

ಉಳಿದ ಚೀಟಿಗಳನ್ನೂ ಹಾಗೆಯೇ ನಂಬುವಂತಿರಲಿಲ್ಲ. ಟ್ರೇಲರಿನ ದೃಶ್ಯಗಳು ಚಿತ್ರದ ಕ್ರಮದಲ್ಲಿಯೇ ಇರಬೇಕೆಂದಿಲ್ಲ; ಪ್ರಚಾರದ ಛಾಯಾಚಿತ್ರಗಳನ್ನು ಬೇರೆ ಕ್ಯಾಮೆರಾದಲ್ಲಿ, ನಟರನ್ನು ನಿಲ್ಲಿಸಿ ತೆಗೆಯುತ್ತಿದ್ದರಾದ್ದರಿಂದ ಅವು ಚಿತ್ರದ ಚೌಕಟ್ಟುಗಳಲ್ಲ. ಚಿತ್ರದ ಅವಧಿಯೂ ಅಷ್ಟೇ, ಮೂಕಿಚಿತ್ರಗಳನ್ನು ಓಡಿಸುವ ವೇಗ ಎಲ್ಲೆಡೆ ಒಂದೇ ಆಗಿರಲಿಲ್ಲ. 35 ಮಿ.ಮೀ. ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟುಗಳಿರುವುದರಿಂದ, ಸಾವಿರ ಅಡಿಯ ರೀಲು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ ಸುಮಾರು 11 ನಿಮಿಷ, 20ರ ವೇಗದಲ್ಲಿ 13 ನಿಮಿಷಕ್ಕೂ ಹೆಚ್ಚು ಓಡುತ್ತದೆ. ಎಂಟು ರೀಲುಗಳ ಚಿತ್ರಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ನಿಮಿಷಗಳನ್ನು ಬಿಟ್ಟು ರೀಲುಗಳ ಲೆಕ್ಕವನ್ನಷ್ಟೇ ಬರೆದಿಟ್ಟೆ.

ಕೊನೆಯ ಭಾಗಕ್ಕೆ ಒಂದೇ ಚೀಟಿ ಉಳಿಯಿತು. ಕಾದಂಬರಿಯ ಕೊನೆಯಲ್ಲಿ ಗ್ಯಾಟ್ಸ್‌ಬಿಯನ್ನು ಕೊಲ್ಲುವ ಜಾರ್ಜ್ ವಿಲ್ಸನ್ನನ ಪಾತ್ರವನ್ನು ವಿಲಿಯಂ ಪೊವೆಲ್ ಮಾಡಿದ್ದರೆಂದು ಅದರಲ್ಲಿ ಪೆನ್ಸಿಲಿನಲ್ಲಿ ಬರೆದಿದೆ. ಕೆಳಗಿನ ಜಾಗ ಖಾಲಿಯಿದೆ.